ನಮ್ಮ ರೊಕ್ಕ ಏನು ಬೇಡುತ್ತದೆ?



ಕಳೆದ ತಿಂಗಳು ನಾರಾಯಣಪೇಟೆ, ಮಕ್ತಲ್, ಗದ್ವಾಲದ ಯುವಜನರು ಮಕ್ತಲಿನಲ್ಲಿ ಸೇರಿದ್ದೆವು. ಪ್ರಾರ್ಥನೆ ಮುಗಿಸಿ ಚಹಾ ಕುಡಿಯುವಾಗ, ಹೈದರಾಬಾದಿನಲ್ಲಿ ಕೆಲಸ ಮಾಡುವ ಅಣ್ಣನೊಬ್ಬ ತಾನು ತಿಂಗಳು ತಿಂಗಳು ಕಟ್ಟುವ ಮ್ಯೂಚುವಲ್ ಫಂಡನ್ನು ಮೊಬೈಲಿನಲ್ಲಿ ತೋರಿಸಿದ. ಶಸ್ತ್ರಾಸ್ತ್ರ ತಯಾರಿಸುವ ಕಂಪನಿಗಳ ಷೇರು ಕೊಳ್ಳುವ ಫಂಡ್ ಅದು. ಡಿಗ್ರಿ ಓದುತ್ತಿರುವ ತಂಗಿಯೊಬ್ಬಳು ಕೇಳಿದಳು: “ಅಣ್ಣ, ಈ ರೊಕ್ಕ ಯಾವಾಗ ಹೆಚ್ಚಾಗ್ತದ?” ಅವನು ನಗುತ್ತಲೇ ಹೇಳಿದ: “ಎಲ್ಲ್ಯಾರ ಯುದ್ಧ ಹತ್ತಿದ್ರ ಹೆಚ್ಚಾಗ್ತದವ್ವ.” ಆಮೇಲೆ ಯಾರೂ ನಗಲಿಲ್ಲ.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಬೇರೆ ವಿದ್ಯಾರ್ಥಿಗಳು ಕೇಳಿದ್ದಾರೆ. ಅಮೆರಿಕ, ಯೂರೋಪಿನ ಅನೇಕ ವಿಶ್ವವಿದ್ಯಾಲಯಗಳಿಗೆ ದೊಡ್ಡ ದತ್ತಿ ನಿಧಿಗಳಿವೆ. ಅದನ್ನು ಷೇರುಗಳಲ್ಲಿ ತೊಡಗಿಸಿ, ಬಂದ ಲಾಭವನ್ನು ಓದು ಬರಹಕ್ಕೆ ಬಳಸುತ್ತಾರೆ. ಡಾ. ಅಂಬೇಡ್ಕರ್ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1985ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಮೂರು ವಾರ ಹ್ಯಾಮಿಲ್ಟನ್ ಹಾಲ್ ಬಾಗಿಲಲ್ಲಿ ಧರಣಿ ಕುಳಿತರು. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡುವ ಕಂಪನಿಗಳಿಂದ ಹಣ ಹಿಂತೆಗೆಯಿರಿ ಎಂಬುದು ಅವರ ಬೇಡಿಕೆ. ಅಕ್ಟೋಬರ್‌ನಲ್ಲಿ ಆಡಳಿತ ಮಂಡಳಿ ಒಪ್ಪಿತು. 2024ರ ಮೇ ತಿಂಗಳಲ್ಲಿ ಗಾಜಾದ ಯುದ್ಧವನ್ನು ವಿರೋಧಿಸಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿಗಳು ಅಂಗಳದಲ್ಲಿ ಡೇರೆ ಹಾಕಿದರು. ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಇಸ್ರೇಲಿ ಕಂಪನಿಗಳಿಂದ ಹಣ ತೆಗೆಯಲು ಕಾಲೇಜು ವಾರದೊಳಗೆ ಒಪ್ಪಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾರತ-ಇಸ್ರೇಲ್ ವ್ಯಾಪಾರ ಸಮಾವೇಶ ಬೇಡವೆಂದು ಸಾವಿರಕ್ಕೂ ಹೆಚ್ಚು ಮಂದಿ ಪತ್ರಕ್ಕೆ ಸಹಿ ಹಾಕಿದರು.

ನಮ್ಮ ಸರಕಾರಿ ಕಾಲೇಜುಗಳು ಹೆಚ್ಚಾಗಿ ಅನುದಾನ, ಫೀಸಿನ ಮೇಲೆ ನಡೆಯುತ್ತವೆ. ಆದ್ದರಿಂದ ಈ ಪ್ರಶ್ನೆ ನೇರವಾಗಿ ನಮ್ಮ ಜೇಬಿಗೇ ಬರುತ್ತದೆ.

“ದೇಶಕ್ಕೆ ರಕ್ಷಣೆ ಬೇಡವೇ?” ಎಂದು ಅಣ್ಣ ಕೇಳಿದ. ನ್ಯಾಯವಾದ ಮಾತು. 1970ರಿಂದ ಹೈದರಾಬಾದಿನಲ್ಲಿರುವ ಭಾರತ್ ಡೈನಾಮಿಕ್ಸ್ ಕ್ಷಿಪಣಿ ತಯಾರಿಸುತ್ತದೆ; ಬಿಎಸ್ಸಿ ಮುಗಿಸಿದ ನಮ್ಮಂಥವರು ಅಂಥ ಕಡೆ ಕೆಲಸ ಸಿಕ್ಕೀತೇ ಎಂದು ನೋಡುವವರೇ. ಜನರ ಪ್ರಾಣ ಕಾಯುವುದು ಸರಕಾರದ ಕರ್ತವ್ಯವೆಂದು ಧರ್ಮಸಭೆಯೂ ಬೋಧಿಸುತ್ತದೆ. ಆದರೆ ಆಯುಧಗಳ ತಯಾರಿಕೆ, ಮಾರಾಟ ಎಲ್ಲ ಜನಾಂಗಗಳ ಒಳಿತಿಗೆ ಸಂಬಂಧಿಸಿದ್ದು, ಅದಕ್ಕೆ ಕಡಿವಾಣ ಬೇಕು ಎಂದೂ ಬೋಧಿಸುತ್ತದೆ. ಗಡಿ ಕಾಯುವ ಸೈನಿಕನ ತಾಯಿ ಯುದ್ಧ ಬಾರದಿರಲಿ ಎಂದು ಬೇಡುತ್ತಾಳೆ. ಷೇರು ಹಿಡಿದ ನಮ್ಮ ಮನಸ್ಸು ಏನು ಬೇಡುತ್ತದೆ? ವ್ಯತ್ಯಾಸ ಇರುವುದು ಅಲ್ಲಿ.

“ನನ್ನ ಐನೂರು ರೂಪಾಯಿ ತೆಗೆದರೆ ಯಾವ ಕಾರ್ಖಾನೆ ಮುಚ್ಚುತ್ತದೆ?” ಎಂದೂ ಅವನು ಕೇಳಿದ. ಯಾವುದೂ ಮುಚ್ಚುವುದಿಲ್ಲ. ನಾವು ಬಿಟ್ಟ ಷೇರನ್ನು ಇನ್ನೊಬ್ಬರು ಕೊಳ್ಳುತ್ತಾರೆ. ಇದನ್ನು ಮುಚ್ಚಿಡಬಾರದು.

ಆದರೂ ಸಂತ ಮತ್ತಾಯನ ಶುಭಸಂದೇಶದ ಆ ಮೂವತ್ತು ಬೆಳ್ಳಿ ನಾಣ್ಯಗಳನ್ನು ನೆನೆಯೋಣ. ಯೂದ ಅವನ್ನು ದೇವಾಲಯದಲ್ಲಿ ಎಸೆದು ಹೋದಾಗ, ಅದು ರಕ್ತದ ಹಣ, ಕಾಣಿಕೆಯ ಭಂಡಾರಕ್ಕೆ ಸಲ್ಲದು ಎಂದು ಮುಖ್ಯಯಾಜಕರು ಹಿಂಜರಿದರು. ಕುಂಬಾರನ ಹೊಲ ಕೊಂಡರು. ಆ ಹಣ ಕೊಟ್ಟವರು ಅವರೇ! ಹಣ ಕೊನೆಗೆ ಎಲ್ಲಿಗೆ ಸೇರಬೇಕೆಂದು ಲೆಕ್ಕ ಹಾಕಿದರು. ಅದು ಏನು ಮಾಡಿ ಬಂತೆಂದು ನೋಡಲಿಲ್ಲ. ನಾವೂ ಕಾಣಿಕೆ ಹಾಕುವಾಗ ಎಷ್ಟು ಎಂದು ಎಣಿಸುತ್ತೇವೆ, ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದು ಕಡಿಮೆ.

2022ರ ನವೆಂಬರ್‌ನಲ್ಲಿ ವ್ಯಾಟಿಕನ್ನಿನ ಸಮಾಜ ವಿಜ್ಞಾನಗಳ ಅಕಾಡೆಮಿ, ಹಣ ಹೂಡುವ ಕಥೋಲಿಕರಿಗಾಗಿ ‘ಮೆನ್ಸೂರಾಮ್ ಬೋನಮ್’ ಎಂಬ ಮಾರ್ಗದರ್ಶಿ ಹೊರತಂದಿತು. ಒಳ್ಳೆಯ ಅಳತೆ ಎಂದು ಅದರ ಅರ್ಥ. ಹೆಸರು ಸಂತ ಲೂಕನ ಶುಭಸಂದೇಶದ್ದು. ದೂರವಿಡಲು ಯೋಚಿಸಬೇಕಾದವುಗಳಲ್ಲಿ ಶಸ್ತ್ರಾಸ್ತ್ರವೂ ಇದೆ. ಸಂತೆಯಲ್ಲಿ ಸೇರು ಸರಿಯಿದೆಯೇ ಎಂದು ನೋಡುವ ನಾವು ಇದನ್ನೂ ಅಳೆಯಬಹುದಲ್ಲವೇ?

ಅಣ್ಣ ಹಣ ಇನ್ನೂ ತೆಗೆದಿಲ್ಲ. “ಯೋಚನೆ ಮಾಡ್ತೀನಿ” ಎಂದಿದ್ದಾನೆ. ಅವನಿಗೆ ತೀರ್ಪು ಕೊಡಲು ನಾವು ಯಾರು? ಆದರೆ ಯುವಜನ ಬಳಗದ ಚಿಕ್ಕ ನಿಧಿಯ ಬಗ್ಗೆ ಒಂದು ನಿರ್ಧಾರ ಮಾಡಿದೆವು. ಫಂಡುಗಳು ತಾವು ಹಣವಿಟ್ಟ ಕಂಪನಿಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುತ್ತವೆ. ಎಲ್ಲಿಯೇ ಹಣ ಇಡುವ ಮೊದಲು ಆ ಪಟ್ಟಿಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಎಲ್ಲರೆದುರು ಓದುತ್ತೇವೆ. ನಿಮ್ಮ ಮನೆಯಲ್ಲೂ ಒಮ್ಮೆ ಓದಿ ನೋಡಿ.

ಶಾಂತಿಗಾಗಿ ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಪ್ರಾರ್ಥಿಸುತ್ತೇವೆ. ನಮ್ಮ ರೊಕ್ಕವೂ ಅದನ್ನೇ ಪ್ರಾರ್ಥಿಸುವಂತೆ ಪ್ರಭು ನಮಗೆ ಬುದ್ಧಿ ಕೊಡಲಿ.