ದವಡೆಯ ಪುರುಷಾರ್ಥ

ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು, ಗಟ್ಟಿ ಪದಾರ್ಥ ಅಗಿಯುತ್ತಿದ್ದರೆ ಮೋರೆಯ ಎಲುಬೇ ತಿದ್ದಿಕೊಳ್ಳುತ್ತದೆಂಬ ನಂಬಿಕೆ ಬೆಳಗಾವಿಯ ಹುಡುಗರನ್ನೂ ಹಿಡಿದಿದೆ. ಇಂಗ್ಲೆಂಡಿನ ದಂತವೈದ್ಯ ಜಾನ್ ಮ್ಯೂ ಹಬ್ಬಿಸಿದ ವಿಚಾರವಿದು.

ಇದರಲ್ಲಿ ಹುರುಳೇ ಇಲ್ಲವೆನ್ನಲಾರೆ. ಎಲುಬು ತಾನು ಹೊರುವ ಭಾರಕ್ಕೆ ತಕ್ಕ ರೂಪು ತಾಳುತ್ತದೆಂದು ಜರ್ಮನಿಯ ವೋಲ್ಫ್ 1892ರಲ್ಲೇ ಬರೆದಿದ್ದ. ಎಳವೆಯಿಂದ ಕಟಕು ರೊಟ್ಟಿ ಅಗಿದ ದವಡೆಗೂ ಬರಿಯ ಕುಂದಾ ನುಂಗಿದ ದವಡೆಗೂ ಅಂತರವಿದ್ದೀತು. ಆದರೆ ಖಾನಾಪುರದ ಕುಂಬಾರರನ್ನು ಕೇಳಿ: ಹಸಿಮಣ್ಣು ಬೆರಳಿಗೆ ಬಗ್ಗುತ್ತದೆ, ಆವಿಗೆಯಿಂದ ಹೊರಬಂದ ಮಡಕೆ ಬಗ್ಗುವುದಿಲ್ಲ. ಬೆಳೆದವರ ಎಲುಬು ನಾಲಗೆಯ ಒತ್ತಡಕ್ಕೆ ಆಕಾರ ಬದಲಿಸಿತೆನ್ನಲು ನಂಬತಕ್ಕ ಆಧಾರವಿಲ್ಲ. ಅಗಿದೂ ಅಗಿದೂ ಕೆನ್ನೆಯ ಸ್ನಾಯು ದಪ್ಪವಾದೀತು, ದವಡೆಯ ಕೀಲು ನೊಂದೀತು, ಅಷ್ಟೇ.

ನನ್ನನ್ನು ಕಾಡುವುದು ಬೇರೆ ಮಾತು. ಮೋರೆಯು ಪ್ರಯತ್ನದ ಫಲವೆಂದಾದರೆ, ಗದ್ದ ಒಳಸರಿದವನು ಸೋಮಾರಿಯೆಂದಂತಾಯಿತಲ್ಲವೇ? ಹಿಂದಿನವರು ಹಣೆಬರಹವೆಂದು ಸುಮ್ಮನಾಗುತ್ತಿದ್ದರು. ಅದರಲ್ಲಿ ಆಲಸ್ಯವಿತ್ತು, ಕರುಣೆಯೂ ಇತ್ತು. ನಮ್ಮ ಓಣಿಯ ಹದಿನೇಳರ ಹುಡುಗನೊಬ್ಬ ಮೊನ್ನೆ, “ಕಾಕಾ, ಸಣ್ಣಾಂವ ಇದ್ದಾಗ ಬಾಯಿ ತಕ್ಕೊಂಡು ಮಲಗತಿದ್ದೆ. ನಂದ ತಪ್ಪು” ಎಂದ. ಮೂಗು ಕಟ್ಟಿದ ಕೂಸು ಬಾಯಿಂದಲ್ಲದೆ ಇನ್ನೆಲ್ಲಿಂದ ಉಸಿರಾಡಬೇಕಿತ್ತು?