ಹೊತ್ತದ್ದು ಹೆಚ್ಚು, ಹಾರಿಸಿದ್ದು ಕಡಿಮೆ

ಪೊಲೀಸರ ಸೊಂಟದಿಂದ ಇಳಿದು ಬಂದ ಪಿಸ್ತೂಲನ್ನು ಗುರುತಿಸುವುದು ಕಷ್ಟವಲ್ಲ. ಮೂತಿಯ ಎರಡೂ ಪಕ್ಕ ಕಪ್ಪು ಬಣ್ಣ ಸವೆದು ಉಕ್ಕಿನ ಬಿಳುಪು ಇಣುಕುತ್ತಿರುತ್ತದೆ. ವರ್ಷಗಟ್ಟಲೆ ಹೋಲ್‌ಸ್ಟರ್‌ಗೆ ಹೋಗಿ ಬಂದು ಆದ ಸವೆತ ಅದು. ಹಿಡಿಯ ಹೊರಮೈಯಲ್ಲಿ ಕಾರಿನ ಬಾಗಿಲು, ಸೀಟ್ ಬೆಲ್ಟಿನ ಕೊಂಡಿ, ಕುರ್ಚಿಯ ತೋಳು ಉಜ್ಜಿದ ಗೀರುಗಳು. ಅದನ್ನೇ ಬಿಚ್ಚಿ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆಲ್ಲ ಹೊಳಪು, ಬಳಸಿದ ಗುರುತೇ ಇಲ್ಲವೆನ್ನುವಷ್ಟು. ಅಮೆರಿಕದ ಬಂದೂಕಿನ ಅಂಗಡಿಯವರು ಈ ಸರಕನ್ನು ಹೊಗಳುವ ಮಾತೊಂದಿದೆ: ಹೊತ್ತದ್ದು ಹೆಚ್ಚು, ಹಾರಿಸಿದ್ದು ಕಡಿಮೆ. ಆ ಮಾತು ಬಹುಮಟ್ಟಿಗೆ ನಿಜ. ಪೊಲೀಸರ ಕೈಯ ಪಿಸ್ತೂಲು ವರ್ಷಕ್ಕೆ ಒಂದೆರಡು ಸಲ ಗುರಿ ಪರೀಕ್ಷೆಯಲ್ಲಿ ಸದ್ದು ಮಾಡುತ್ತದೆ; ಮಿಕ್ಕ ದಿನವೆಲ್ಲ ಸೊಂಟದಲ್ಲಿ ಸುಮ್ಮನಿರುತ್ತದೆ.

ಓಹಾಯೊ ರಾಜ್ಯದ ಕೊಲಂಬಸ್ ಹೊರವಲಯದಲ್ಲಿ ನಮ್ಮ ಮನೆ. ಒಂದು ಚಳಿಗಾಲ ಹತ್ತಿರದ ಮನೆಗಳಿಗೆ ಕಳ್ಳರು ನುಗ್ಗಿದ ಸುದ್ದಿ ಮೇಲಿಂದ ಮೇಲೆ ಬಂದಾಗ, ಮನೆಯಲ್ಲೊಂದು ಪಿಸ್ತೂಲು ಇರಲಿ ಎಂಬ ಯೋಚನೆ ನಮಗೂ ಬಂತು. ಕೊಡಗಿನ ವಿರಾಜಪೇಟೆ ಕಡೆಯ ಗೆಳೆಯನೊಬ್ಬನಿದ್ದಾನೆ, ಕೋವಿಗಳ ನಡುವೆಯೇ ಬೆಳೆದವನು. "ಹೊಸದಕ್ಕೆ ಯಾಕೆ ದುಡ್ಡು ಸುರೀತೀರಿ ಅಣ್ಣಾ? ಪೊಲೀಸರು ಬಿಟ್ಟ ಗ್ಲಾಕ್ ನೋಡಿ, ಅರ್ಧಕ್ಕೆ ಸ್ವಲ್ಪ ಮೇಲೆ ಸಿಗುತ್ತೆ" ಎಂದು ಅವನೇ ಅಂಗಡಿಗೆ ಕರೆದುಕೊಂಡು ಹೋದ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಎಚ್‌-1ಬಿ ವೀಸಾದಲ್ಲಿ ಇರುವವರು ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಬಂದೂಕು ಕೊಳ್ಳುವುದಿರಲಿ, ಕೈಯಲ್ಲಿ ಹಿಡಿದರೂ ಅಪರಾಧ. ಗುರಿಯಭ್ಯಾಸದ ಜಾಗಕ್ಕೆ ಹೋಗಿ ಬಾಡಿಗೆಗೆ ತೆಗೆದುಕೊಂಡರೂ ಅಷ್ಟೇ. ಗ್ರೀನ್ ಕಾರ್ಡ್ ಬಂದಮೇಲೆ ಮಾತ್ರ ನಾನು ಆ ಬಾಗಿಲು ತಟ್ಟಬಹುದಿತ್ತು.

ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಮಾದರಿಯ ಪಿಸ್ತೂಲುಗಳು ಸಾಲಾಗಿ ಮಲಗಿದ್ದವು, ಎಲ್ಲವೂ ಪಾಯಿಂಟ್ 40 ಕ್ಯಾಲಿಬರ್‌ನ ಗ್ಲಾಕ್ 22. ಒಂದನ್ನು ಕೈಗೆ ತೆಗೆದುಕೊಂಡೆ. ರಾತ್ರಿ ಗುರಿ ಕಾಣಲೆಂದು ಅದರ ಮೇಲೆ ಟ್ರಿಟಿಯಂ ತುಂಬಿದ ಹಸಿರು ಚುಕ್ಕೆಗಳಿರುತ್ತವೆ. ಹನ್ನೆರಡು ವರ್ಷ ಚಿಲ್ಲರೆಗೆ ಟ್ರಿಟಿಯಂನ ಕಸುವು ಅರ್ಧಕ್ಕಿಳಿಯುತ್ತದೆ. ಅಂಗೈ ಮುಚ್ಚಿ ನೋಡಿದರೆ ಚುಕ್ಕೆಗಳು ಮಸುಕಾಗಿದ್ದವು. ಪಿಸ್ತೂಲಿನ ವಯಸ್ಸನ್ನು ಅಂದಾಜು ಮಾಡಲು ಅಷ್ಟು ಸಾಕಿತ್ತು. ಯಾರ ಸೊಂಟದಲ್ಲಿ ಇತ್ತು, ಯಾವ ರಾತ್ರಿಗಳಲ್ಲಿ ಹೊರಬಂತು ಎಂದು ಕೇಳಿದೆ. ಇಲಾಖೆಯ ಹೆಸರು ಗೊತ್ತು, ಅದಕ್ಕಿಂತ ಹೆಚ್ಚು ಗೊತ್ತಿಲ್ಲ ಎಂದು ಅಂಗಡಿಯವರು ನೇರವಾಗಿ ಹೇಳಿದರು.

ಇಷ್ಟೊಂದು ಪಿಸ್ತೂಲುಗಳು ಒಮ್ಮೆಲೇ ಅಂಗಡಿಗೆ ಹೇಗೆ ಬಂದವು ಎಂಬುದರ ಹಿಂದೆ ಒಂದು ಕತೆಯಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಗುಂಡಿನ ಕಾಳಗದಲ್ಲಿ ಎಫ್‌ಬಿಐನವರಿಬ್ಬರು ಸತ್ತು ಐವರು ಗಾಯಗೊಂಡರು. ದರೋಡೆಕೋರನೊಬ್ಬನ ಮೈಗೆ ಮೊದಲೇ ಹೊಕ್ಕಿದ್ದ 9 ಎಂ.ಎಂ. ಗುಂಡು ಹೃದಯದ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ಅವನು ಆಮೇಲೂ ಹೋರಾಡಿದ. ದೋಷ ಗುಂಡಿನ ಮೇಲೆ ಬಿತ್ತು. ಹೆಚ್ಚು ಪೆಟ್ಟಿನ ಗುಂಡು ಬೇಕೆಂಬ ಹುಡುಕಾಟದಿಂದ 1990ರಲ್ಲಿ ಪಾಯಿಂಟ್ 40 ಹುಟ್ಟಿತು, ಕೆಲವೇ ವರ್ಷಗಳಲ್ಲಿ ದೇಶದ ಎಷ್ಟೋ ಪೊಲೀಸರ ಸೊಂಟ ಹಿಡಿಯಿತು. ಮುಂದೆ ಗುಂಡುಗಳ ತಯಾರಿಕೆ ಸುಧಾರಿಸಿತು. 9 ಎಂ.ಎಂ. ಈಗ ಅಷ್ಟೇ ಕೆಲಸ ಮಾಡುತ್ತದೆ, ಹಿಂದೊದೆತ ಕಡಿಮೆ, ಗುರಿ ಹಿಡಿಯುವುದು ಸುಲಭ ಎಂದು 2014ರಲ್ಲಿ ಎಫ್‌ಬಿಐಯೇ ಹೇಳಿ, ಆಮೇಲೆ ಅದಕ್ಕೇ ಹಿಂದಿರುಗಿತು. ಊರೂರಿನ ಇಲಾಖೆಗಳು ಅದೇ ದಾರಿ ಹಿಡಿದವು. ಹಳೆಯವು ಅಂಗಡಿಗೆ ಬಂದವು.

ಬಂದ ರೀತಿ ಬಹಳ ಸರಳ. ಹಳೆಯ ಪಿಸ್ತೂಲುಗಳನ್ನು ಇಲಾಖೆ ವ್ಯಾಪಾರಿಗೋ ಕಂಪನಿಗೋ ಒಪ್ಪಿಸುತ್ತದೆ, ಅವುಗಳ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಳೆಯಲಾಗುತ್ತದೆ. 1980ರ ದಶಕದ ಕೊನೆಯಲ್ಲಿ ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಬರುತ್ತಿದ್ದ ಇಲಾಖೆಗಳಿಗೆ ಗ್ಲಾಕ್ ಕಂಪನಿ ಇದನ್ನೇ ಮುಂದಿಟ್ಟು ಬೆಳೆಯಿತು. 1994ರಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜೀನ್‌ಗಳನ್ನು ಸಾಮಾನ್ಯರಿಗೆ ಮಾರಬಾರದೆಂದು ಕಾನೂನು ಬಂತು. ಕಾನೂನಿಗೆ ಮೊದಲೇ ತಯಾರಾಗಿದ್ದ ಪೊಲೀಸರ ಮ್ಯಾಗಜೀನ್‌ಗಳಿಗೆ ಆಗ ಬೇಡಿಕೆಯೋ ಬೇಡಿಕೆ. ತಡೆಯಲೆಂದು ಬಂದ ಕಾನೂನೇ ಹಳೆಯ ಸರಕಿನ ಬೆಲೆ ಏರಿಸಿತು. 1998ರಲ್ಲಿ ನ್ಯೂ ಆರ್ಲಿಯನ್ಸ್ ನಗರ ಬಂದೂಕು ತಯಾರಕರ ಮೇಲೆ ಮೊಕದ್ದಮೆ ಹೂಡಿತು. ಅದೇ ನಗರ ಅದೇ ಕಾಲದಲ್ಲಿ, ಪೊಲೀಸರಿಗೆ ಹೊಸ ಗ್ಲಾಕ್ ಪಡೆಯಲು ಸಾವಿರಾರು ಹಳೆಯ ಬಂದೂಕುಗಳನ್ನು ಮರುಮಾರಾಟಕ್ಕೆ ಬಿಟ್ಟಿತ್ತು. ನಗರದ ಆಡಳಿತ ಕೆಟ್ಟದ್ದೆಂದು ಹೇಳಲು ನಾನಿದನ್ನು ನೆನೆಯುತ್ತಿಲ್ಲ. ಖಜಾನೆ ಬರಿದಾಗಿರುವಾಗ ಹಳೆಯದನ್ನು ಕೊಟ್ಟು ಹೊಸದನ್ನು ತರುವುದು ಯಾರಿಗೂ ಲೆಕ್ಕದ ಸಂಗತಿಯಾಗಿ ಮಾತ್ರ ಕಾಣುತ್ತದೆ.

ನನಗೂ ಮೊದಲು ಹಾಗೆಯೇ ಕಂಡಿತು. ಮನಸ್ಸು ಬೇರೆ ಕಡೆ ತಿರುಗಿದ್ದು ಆ ಹೊಳೆಯುವ ನಳಿಗೆಯನ್ನು ನೋಡಿದಮೇಲೆ. ಪ್ಯೂ ಸಂಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಭ್ಯಾಸದ ಹೊರತು ಕರ್ತವ್ಯದಲ್ಲಿರುವಾಗ ಒಮ್ಮೆಯಾದರೂ ಗುಂಡು ಹಾರಿಸಿದ್ದೇವೆ ಎಂದ ಪೊಲೀಸರು ನೂರಕ್ಕೆ 27 ಮಂದಿ. ಉಳಿದವರು ಹೆಚ್ಚುಕಡಿಮೆ ಎಲ್ಲರೂ ತಮ್ಮ ನೌಕರಿಯಲ್ಲಿ ಅದುವರೆಗೆ ಒಮ್ಮೆಯೂ ಹಾರಿಸಿರಲಿಲ್ಲ. ಅಮೆರಿಕದ ಪೊಲೀಸರ ಗುಂಡಿಗೆ ಸತ್ತವರ ವಿಷಯದಲ್ಲಿ ನನಗೆ ನೋವೂ ಇದೆ, ಸಿಟ್ಟೂ ಇದೆ. ಅದನ್ನು ಈ ಅಂಕಿ ಅಳಿಸುವುದಿಲ್ಲ. ಆದರೂ ಆ ಗಾಜಿನ ಪೆಟ್ಟಿಗೆಯಲ್ಲಿ ಇದ್ದ ಬಹುಪಾಲು ಪಿಸ್ತೂಲುಗಳ ಚರಿತ್ರೆ ಎಂದರೆ ಹಾರಿಸದೆ ಉಳಿದ ಚರಿತ್ರೆ. ಕುಡಿದ ಗಂಡ ಕೂಗಾಡುತ್ತಿದ್ದಾಗ, ಹುಡುಗನೊಬ್ಬ ಜೇಬಿಗೆ ಕೈಹಾಕಿದಾಗ, ಕತ್ತಲ ಓಣಿಯಲ್ಲಿ ಯಾರೋ ಓಡಿದಾಗ ಕೈ ಹಿಡಿಯ ಮೇಲೆ ಹೋಗಿ, ಅಲ್ಲೇ ನಿಂತು, ಹಿಂದೆ ಬಂದಿರಬೇಕು. ಹೊರಮೈಯ ಸವೆತದಲ್ಲಿ ಆ ಗಳಿಗೆಗಳೂ ಸೇರಿವೆ. ಕೊಳ್ಳುವವನು ಬೆಲೆ ಕಟ್ಟುವುದು ಈ ಸಂಯಮಕ್ಕೇ: ನಳಿಗೆ ಹೊಸದಾಗಿರುವುದು ಯಾರೋ ಒಬ್ಬ ಅಧಿಕಾರಿ ವರ್ಷಗಟ್ಟಲೆ ತಡೆದುಕೊಂಡದ್ದರಿಂದ.

ಆ ಸಂಯಮ ಕಬ್ಬಿಣದಲ್ಲಿ ಇರಲಿಲ್ಲ. ಅದು ತರಬೇತಿಯಲ್ಲಿತ್ತು, ಪ್ರಮಾಣವಚನದಲ್ಲಿತ್ತು, ಹಾರಿಸಿದ ಗುಂಡಿಗೆ ಲೆಕ್ಕ ಒಪ್ಪಿಸಬೇಕೆಂಬ ನಿಯಮದಲ್ಲಿತ್ತು, ತನಿಖೆಯ ಭಯದಲ್ಲಿತ್ತು, ನೌಕರಿ ಹೋದರೆ ಮನೆ ನಡೆಯುವುದು ಹೇಗೆ ಎಂಬ ಚಿಂತೆಯಲ್ಲಿತ್ತು. ಇವೆಲ್ಲ ಸೇರಿ ಆ ಪಿಸ್ತೂಲಿನ ಸುತ್ತ ಒಂದು ಬೇಲಿ ಕಟ್ಟಿದ್ದವು. ಮಾರಾಟವಾದ ದಿನ ಬೇಲಿ ಠಾಣೆಯಲ್ಲೇ ಉಳಿಯಿತು, ಪಿಸ್ತೂಲು ಮಾತ್ರ ಹೊರಗೆ ಬಂತು. ಈ ಯೋಚನೆ ಬಂದಾಗ ಅದನ್ನು ಪೆಟ್ಟಿಗೆಯ ಮೇಲೆ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಬರುತ್ತೇನೆಂದು ಹೊರಗೆ ಬಂದೆ.

ಗೆಳೆಯನಿಗೆ ನನ್ನ ಗೊಂದಲ ಅರ್ಥವಾಗಲಿಲ್ಲ. ಪಿಸ್ತೂಲು ಯಂತ್ರ, ಅದಕ್ಕೆ ಪೂರ್ವಜನ್ಮ ಇಲ್ಲ. ಹೊಸದನ್ನು ತಂದಿಟ್ಟರೂ ನಿಮ್ಮ ಮನೆಯ ಜವಾಬ್ದಾರಿ ಅಷ್ಟೇ ಅಲ್ಲವೇ ಎಂದ. ನನ್ನ ಮನೆಯ ಮಟ್ಟಿಗೆ ಅವನ ಮಾತು ಸರಿ. ಉತ್ತರ ಹುಡುಕುತ್ತಾ ನಾನು ಅವನ ಮನೆಯ ಕೋವಿಯನ್ನೇ ಎತ್ತಿದೆ. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಆಕಾಶಕ್ಕೆ. ಅವನ ಮನೆಯ ಕೋವಿ ಯಾವ ಅಜ್ಜನದು, ಯಾರ ಕೈಗೆ ಹೋಯಿತು ಎಂದು ಕೇಳಿದರೆ ಅವನ ತಾಯಿ ಈಗಲೂ ಹೇಳುತ್ತಾರೆ. ಕೋವಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವಾಗ ಅದನ್ನು ಹೇಗೆ ಇಡಬೇಕು, ಯಾವಾಗ ಮುಟ್ಟಬಾರದು ಎಂಬುದೂ ಒಟ್ಟಿಗೇ ಹೋಗುತ್ತದೆ. ನೋಡುವ ಕಣ್ಣುಗಳು ಅವೇ, ಊರು ಅದೇ. ಈ ಅಂಗಡಿಯಲ್ಲಿ ನಡೆಯುವುದು ಅದಲ್ಲ ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ತಪ್ಪು ಕೊಳ್ಳುವವನದ್ದಲ್ಲ, ಮಾರುವವನದ್ದು" ಎಂದ. ನಾನು ತಡಕಾಡುತ್ತಿದ್ದದ್ದನ್ನು ಅವನು ಒಂದೇ ಮಾತಿನಲ್ಲಿ ಹಿಡಿದುಕೊಟ್ಟ.

ಮಾರುವವರು ಯಾರು? ಆ ಪಿಸ್ತೂಲನ್ನು ಮೊದಲು ಕೊಂಡದ್ದು ತೆರಿಗೆಯ ಹಣದಿಂದ. ಅಂದಮೇಲೆ ಗಾಜಿನ ಪೆಟ್ಟಿಗೆಯ ಆ ಕಡೆಯೂ ಜನರೇ ನಿಂತಿದ್ದಾರೆ, ಈ ಕಡೆಯೂ ಜನರೇ. ಅಂಗಡಿಯವರು ನಡುವಿನವರು. ನಾನು ಕಟ್ಟುವ ತೆರಿಗೆಯಿಂದ ನಮ್ಮ ಊರಿನ ಪೊಲೀಸರು ಆಯುಧ ಹೊರುತ್ತಾರೆ. ಅದನ್ನು ನನ್ನ ಹೆಸರಿನಲ್ಲೇ ಇನ್ಯಾರಿಗೋ ಮಾರುತ್ತಾರೆ. ಆ ಇನ್ಯಾರೋ ಯಾರೆಂದು ನನಗೆ ತಿಳಿಯುವ ದಾರಿಯಿಲ್ಲ.

ದಾರಿ ಎಲ್ಲಿ ಮುಚ್ಚುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪರವಾನಗಿ ಇರುವ ಅಂಗಡಿಯಲ್ಲಿ ಕೊಂಡರೆ 4473 ಎಂಬ ನಮೂನೆ ತುಂಬಬೇಕು, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಅಷ್ಟರಮಟ್ಟಿಗೆ ಜಾಗರೂಕತೆ ಇದೆ. ಆದರೆ ಅಂಗಡಿಯಿಂದ ಕೊಂಡವನು ನಾಳೆ ಇನ್ನೊಬ್ಬನಿಗೆ ಖಾಸಗಿಯಾಗಿ ಮಾರಿದರೆ ಓಹಾಯೊದಂಥ ರಾಜ್ಯಗಳಲ್ಲಿ ಯಾವ ಕಾಗದವೂ ಬೇಕಿಲ್ಲ. ಅಪರಾಧದ ಸ್ಥಳದಲ್ಲಿ ಪಿಸ್ತೂಲು ಸಿಕ್ಕಿತೆನ್ನಿ. ಅದರ ಸಂಖ್ಯೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಒಕ್ಕೂಟ ಸರ್ಕಾರದ ಪತ್ತೆ ಕೇಂದ್ರಕ್ಕೆ ಹೋಗುತ್ತದೆ. ಮಾಲೀಕರ ಹೆಸರುಗಳನ್ನು ಒಂದೆಡೆ ಕಂಪ್ಯೂಟರಿನಲ್ಲಿ ಕೂಡಿಸಿಡುವುದನ್ನು 1986ರ ಕಾನೂನು ತಡೆದಿದೆ. ಹಾಗಾಗಿ ಅಲ್ಲಿಯ ನೌಕರರು ತಯಾರಕರನ್ನು ಕೇಳಿ, ಸಗಟು ವ್ಯಾಪಾರಿಯನ್ನು ಕೇಳಿ, ಮೊದಲ ಖರೀದಿದಾರನವರೆಗೆ ಹೋಗುತ್ತಾರೆ. ಪೊಲೀಸರು ಮಾರಿದ ಪಿಸ್ತೂಲಿನ ಮೊದಲ ಖರೀದಿದಾರ ಪೊಲೀಸ್ ಇಲಾಖೆಯೇ. ಕೊಲೆಯ ಜಾಡು ಹಿಡಿದು ಹೋದವರು ಠಾಣೆಯ ಬಾಗಿಲಿಗೇ ಬಂದು ನಿಲ್ಲುತ್ತಾರೆ.

ಹೀಗೆ ಬಂದು ನಿಂತವು ಎಷ್ಟು? 2003ರ ಒಂದು ತಿದ್ದುಪಡಿಯಿಂದ ಇಂಥ ಮಾಹಿತಿ ಸಾರ್ವಜನಿಕರಿಗೆ ಸಿಗುವುದೇ ದುರ್ಲಭವಾಗಿತ್ತು. ಪತ್ರಕರ್ತರು ನ್ಯಾಯಾಲಯಕ್ಕೆ ಹೋಗಿ ಪಡೆದ ಅಂಕಿಗಳು 2024ರಲ್ಲಿ ಹೊರಬಂದವು. 2006ರಿಂದ 2022ರ ನಡುವೆ ಹಿಂದೊಮ್ಮೆ ಪೊಲೀಸರದ್ದಾಗಿದ್ದ 52,000ಕ್ಕೂ ಹೆಚ್ಚು ಬಂದೂಕುಗಳು ಅಪರಾಧಗಳ ಜಾಡಿನಲ್ಲಿ ಸಿಕ್ಕಿದ್ದವು. ಇವುಗಳಲ್ಲಿ ಕಳೆದುಹೋದವು, ಕಳುವಾದವು ಇವೆ, ಎಲ್ಲವೂ ಮಾರಿದವಲ್ಲ ಎಂಬುದನ್ನು ಮರೆಯಬಾರದು. ಆದರೂ ಒಂದು ಪ್ರಕರಣ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2021ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಒಬ್ಬ ಎಳೆಯ ಯುವಕನ ಕೊಲೆಯಾಯಿತು. ಅದಕ್ಕೆ ತಳುಕು ಹಾಕಿಕೊಂಡ ಪಿಸ್ತೂಲು ಕ್ಯಾಲಿಫೋರ್ನಿಯಾದ ಒಂದು ಶೆರಿಫ್ ಇಲಾಖೆಗೆ ಸೇರಿದ್ದಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಗೆ ಅದನ್ನು ಯಾರಾದರೂ ಹೇಳಲೇಬೇಕಾಯಿತು. ಅಷ್ಟು ದೂರದ ಊರಿನವರು ತಮ್ಮ ಖರ್ಚು ಉಳಿಸಲು ಒಪ್ಪಿಸಿದ ಪಿಸ್ತೂಲು ತನ್ನ ಮಗನವರೆಗೆ ಬಂತು ಎಂಬುದನ್ನು ಆಕೆ ಯಾವ ಮಾತಿನಿಂದ ಸಹಿಸಿಕೊಳ್ಳಬೇಕು? ನನಗೆ ಅಂಥ ಮಾತು ಹೊಳೆಯುವುದಿಲ್ಲ.

ಪೊಲೀಸರು ಮಾರದಿದ್ದರೆ ಕೊಲೆಗಾರನಿಗೆ ಇನ್ನೊಂದು ಸಿಗುತ್ತಿತ್ತು ಎಂದು ಹೇಳುವವರಿದ್ದಾರೆ. ಇಷ್ಟೊಂದು ಬಂದೂಕುಗಳಿರುವ ದೇಶದಲ್ಲಿ ಅದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಆ ವಾದ ಒಪ್ಪಿದರೆ ಯಾರಿಗೂ ಯಾವ ಹೊಣೆಯೂ ಉಳಿಯುವುದಿಲ್ಲ. ಕೊಲೆಯನ್ನು ತಡೆಯುವುದಕ್ಕೆಂದೇ ನಾವು ಸಂಬಳ ಕೊಟ್ಟು ಇಟ್ಟುಕೊಂಡ ಇಲಾಖೆಗೆ, ಸಾಮಾನ್ಯ ವ್ಯಾಪಾರಿಗೆ ಇರುವುದಕ್ಕಿಂತ ಹೆಚ್ಚಿನ ಹೊಣೆ ಇದೆ ಎಂದು ನಾನು ನಂಬುತ್ತೇನೆ. ಹತ್ತು ವರ್ಷ ಕಟ್ಟುನಿಟ್ಟಿನಲ್ಲಿ ಕಾಪಾಡಿದ ಆಯುಧವನ್ನು ಹನ್ನೊಂದನೆಯ ವರ್ಷ ಯಾರ ಕೈಗಾದರೂ ಹೋಗಲಿ ಎಂದು ಬಿಡುವುದಾದರೆ, ಆ ಹತ್ತು ವರ್ಷಗಳ ಕಟ್ಟುನಿಟ್ಟು ಯಾತಕ್ಕೆ?

ನಾನು ಕೊನೆಗೆ ಆ ಪಿಸ್ತೂಲು ಕೊಳ್ಳಲಿಲ್ಲ. ಬಾಗಿಲಿಗೆ ಗಟ್ಟಿಯಾದ ಬೀಗ, ಅಂಗಳಕ್ಕೆ ದೀಪ ಹಾಕಿಸಿದೆವು. ಕೊಂಡ ಗೆಳೆಯರಿದ್ದಾರೆ, ಮನೆಯಲ್ಲಿ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ಪ್ರಶ್ನೆ ಇರುವುದು ಮಾರುವವರ ಸಾಲಿನಲ್ಲಿ ನಿಂತ ನನ್ನೊಡನೆ. ಅದನ್ನು ಕೇಳಬೇಕಾದ ಜಾಗ ಊರಿನ ಕೌನ್ಸಿಲ್ ಸಭೆ. ಸಾರ್ವಜನಿಕರಿಗೆ ಮೂರು ನಿಮಿಷ ಕೊಡುತ್ತಾರೆ. ನಾನು ಕೇಳಿದ್ದು ಇಷ್ಟು: ನಮ್ಮ ಪೊಲೀಸರು ಪಿಸ್ತೂಲು ಬದಲಿಸುವಾಗ ಅದನ್ನು ಹೊತ್ತ ಅಧಿಕಾರಿಗೆ ಬೇಕಿದ್ದರೆ ಅವರಿಗೇ ಕೊಡಿ, ಏಕೆಂದರೆ ಅವರಿಗೆ ಅದರ ಭಾರ ಗೊತ್ತು. ಉಳಿದವನ್ನು ಕತ್ತರಿಸಿ ಕರಗಿಸಿ.

ಹಣಕಾಸು ನೋಡಿಕೊಳ್ಳುವ ಅಧಿಕಾರಿ ಗೌರವದಿಂದಲೇ ಉತ್ತರ ಕೊಟ್ಟರು. ಹಳೆಯದಕ್ಕೆ ಸಿಗುವ ಬೆಲೆ ಬಿಟ್ಟರೆ ಹೊಸದರ ಬಿಲ್ಲು ಅಷ್ಟು ಹೆಚ್ಚುತ್ತದೆ, ಅದು ಎಲ್ಲರ ತೆರಿಗೆಯಿಂದಲೇ ಬರಬೇಕು ಎಂದರು. ಹೌದು, ಬರಲಿ ಎಂದೆ. ನನ್ನ ಆಸ್ತಿ ತೆರಿಗೆಯಲ್ಲಿ ನನ್ನ ಪಾಲು ಸೇರಿಸಿ, ಕಟ್ಟುತ್ತೇನೆ ಎಂದೆ. ಸಭೆಯಲ್ಲಿದ್ದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ನನ್ನ ನಂತರ ಎದ್ದುನಿಂತು, ತಮ್ಮ ಪಾಲನ್ನೂ ಸೇರಿಸಿ ಎಂದರು. ವಿಷಯವನ್ನು ಮುಂದಿನ ಬಜೆಟ್ ಚರ್ಚೆಗೆ ಇಟ್ಟಿದ್ದಾರೆ. ಆ ದಿನ ನಾವಿಬ್ಬರೂ ಹೋಗುತ್ತೇವೆ. ವಿರಾಜಪೇಟೆಯ ಗೆಳೆಯನೂ ಬರುತ್ತೇನೆಂದಿದ್ದಾನೆ.