ತವರದ ಪದಕ

ಹಳೆಯ ನಾಣ್ಯಗಳನ್ನು ಕೂಡಿಡುವ ಪರಿಚಿತರೊಬ್ಬರು ಒಂದು ಸಂಜೆ ಬಟ್ಟೆಯ ಗಂಟು ಬಿಚ್ಚಿ, ದುಂಡನೆಯ ಬಿಲ್ಲೆಯೊಂದನ್ನು ನನ್ನ ಅಂಗೈಯಲ್ಲಿಟ್ಟರು. ನೋಡಲು ಬೆಳ್ಳಿಯಂತಿದ್ದರೂ ಅದು ತವರ. ಒಂದು ಮಗ್ಗುಲಲ್ಲಿ ಹುಲಿಯನ್ನು ನೆಲಕ್ಕೆ ಕೆಡವಿ ಮೇಲೇರಿದ ಸಿಂಹ. ಅದರಡಿಯಲ್ಲಿ ರೋಮನ್ ಅಂಕಿಗಳಲ್ಲಿ 1799ರ ಮೇ 4. ಇನ್ನೊಂದು ಮಗ್ಗುಲಲ್ಲಿ ಕೋಟೆಗೆ ನುಗ್ಗುತ್ತಿರುವ ಸೈನ್ಯ. ಅದರಡಿಯಲ್ಲಿ ಪಾರಸಿ ಬರಹ. ನೆತ್ತಿಯಲ್ಲಿ ದಾರ ಪೋಣಿಸಲೆಂದು ಯಾರೋ ಕೊರೆದ ತೂತು. ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣ ಬಿದ್ದ ದಿನದ ನೆನಪಿಗೆಂದು ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗೆ ಹಂಚಿದ ಪದಕವದು. ಅಂಚನ್ನು ಸುತ್ತಲೂ ತಿರುಗಿಸಿ ನೋಡಿದೆ. ಮುಂದಿನ ಕಾಲದ ಯುದ್ಧಪದಕಗಳ ಅಂಚಿನಲ್ಲಿ ಸೈನಿಕನ ಹೆಸರನ್ನು ಕೊರೆಯುವ ರೂಢಿ ಬಂತು. ಇದರ ಅಂಚು ಬರಿದಾಗಿತ್ತು.

ಕುಚ್ಲರ್ ಎಂಬ ಕಲಾವಿದ ಕೆತ್ತಿದ ಅಚ್ಚಿನಿಂದ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಈ ಪದಕಗಳು ತಯಾರಾದವು. ಚಿತ್ರ ಎಲ್ಲಕ್ಕೂ ಒಂದೇ, ಲೋಹ ಮಾತ್ರ ಐದು ಬಗೆ: ಚಿನ್ನ, ಚಿನ್ನದ ಲೇಪವಿದ್ದ ಬೆಳ್ಳಿ, ಬರಿಯ ಬೆಳ್ಳಿ, ಕಂಚು, ತವರ. ಚಿನ್ನ ಸೇನಾಪತಿಗಳಿಗೆ, ತವರ ಸಾಮಾನ್ಯ ಸಿಪಾಯಿಗೆ. ಕೋಟೆಯ ಕೊಳ್ಳೆಯನ್ನು ಹಂಚಿದ್ದೂ ಇದೇ ಕ್ರಮದಲ್ಲಿ. ದಾಳಿಯ ಮುಖ್ಯ ಸೇನಾಪತಿ ಜನರಲ್ ಹ್ಯಾರಿಸ್‌ನ ಪಾಲು ಲಕ್ಷ ಪೌಂಡುಗಳನ್ನು ದಾಟಿದರೆ, ಸಿಪಾಯಿಯ ಪಾಲು ಕೆಲವೇ ಪೌಂಡುಗಳು. ತವರಕ್ಕೆ ಇನ್ನೂ ಒಂದು ಗುಣವಿದೆ. ಅಪ್ಪಟ ತವರ 13 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಹುಕಾಲ ಉಳಿದರೆ, ಒಳಗಿಂದೊಳಗೇ ಬದಲಾಗಿ ಬೂದು ಬಣ್ಣದ ಪುಡಿಯಾಗಬಲ್ಲದು. ಚಿನ್ನಕ್ಕೆ ಆ ಭಯವಿಲ್ಲ. ದರ್ಜೆಯ ಅಂತರ ಬದುಕಿನೊಂದಿಗೇ ಮುಗಿಯಿತೆಂದು ನಾವು ತಿಳಿಯುತ್ತೇವೆ. ಅದು ನೆನಪಿನ ಆಯುಸ್ಸಿನಲ್ಲೂ ಮುಂದುವರಿಯುತ್ತದೆ.

ಪದಕದಲ್ಲಿಲ್ಲದ ಹೆಸರು ಕಾಗದದಲ್ಲಾದರೂ ಇರಬಹುದೆಂದು ಮನಸ್ಸು ಹುಡುಕುತ್ತದೆ. ಕಂಪನಿಯ ದಫ್ತರುಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿವೆ. ಸಮುದ್ರ ದಾಟಿ ಬಂದ ಗೋರಾ ಸೈನಿಕನನ್ನು ಅಲ್ಲಿನ ಹಾಜರಿಪಟ್ಟಿಗಳಲ್ಲಿ ಹೆಸರು ಹಿಡಿದು ಹುಡುಕಬಹುದು. ಮದರಾಸಿನ ಪಟಾಲಮಿನ ಸಿಪಾಯಿ ಹೆಚ್ಚಾಗಿ ಎಣಿಕೆಯೊಳಗೇ ಕರಗಿದ್ದಾನೆ: ಇಷ್ಟು ಮಂದಿ ಸತ್ತರು, ಇಷ್ಟು ಮಂದಿ ಗಾಯಗೊಂಡರು. ಕೋಟೆಯ ಒಳಗಿದ್ದವರಿಗೆ ಅದೂ ಇಲ್ಲ. ಆ ಬೇಸಿಗೆಯ ಮಧ್ಯಾಹ್ನ, ಕಾವೇರಿಯಲ್ಲಿ ನೀರು ತಗ್ಗಿದ್ದ ಹೊತ್ತಿನಲ್ಲಿ, ಟಿಪ್ಪುವಿನ ಜೊತೆ ಸಾವಿರಾರು ಮಂದಿ ಸತ್ತರು. ಅರಮನೆಯ ಪುಸ್ತಕಗಳನ್ನು ಗೆದ್ದವರು ಕಾಪಾಡಿದರು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅವುಗಳ ವಿವರವಾದ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಪುಸ್ತಕಗಳಿಗೆ ಪಟ್ಟಿಯಾಯಿತು, ಗೋಡೆಯ ಬುಡದಲ್ಲಿ ಬಿದ್ದ ಸಾಮಾನ್ಯ ಆಳಿಗೆ ಆಗಲಿಲ್ಲ. ಮನುಷ್ಯರು ಏನನ್ನು ಉಳಿಸುತ್ತಾರೆ, ಏನನ್ನು ಬಿಡುತ್ತಾರೆ ಎಂಬುದರಲ್ಲಿ ಆ ವಸ್ತುವಿನ ಬೆಲೆಗಿಂತ ಉಳಿಸುವವರ ಕಣ್ಣೇ ಹೆಚ್ಚು ಕಾಣುತ್ತದೆಯೇನೋ.

ಹೀಗೆ ಯೋಚಿಸುವಾಗಲೆಲ್ಲ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಶ್ರೀರಂಗಪಟ್ಟಣವಿರುವ ಮಂಡ್ಯ ಜಿಲ್ಲೆಯದೇ ಊರು ಅದು. ಸುಮಾರು 949ರ ಆ ಶಾಸನದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿದ್ದಾನೆ, ಗಂಗರ ಬೂತುಗನಿದ್ದಾನೆ, ತಕ್ಕೋಲದ ಕಾಳಗದಲ್ಲಿ ಸತ್ತ ಚೋಳ ರಾಜಾದಿತ್ಯನಿದ್ದಾನೆ. ಜೊತೆಗೆ ಒಂದು ನಾಯಿಯೂ ಇದೆ. ಮಣಲೇರನೆಂಬ ವೀರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದ ಬೇಟೆನಾಯಿ ಅದು, ಹೆಸರು ಕಾಳಿ. ಕಾಡುಹಂದಿಯೊಡನೆ ಕಾದು, ಹಂದಿಯನ್ನು ಕೊಂದು, ತಾನೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಅದರ ಪೂಜಾರಿಯಾದ ಗೊರವನು ಉಣ್ಣಕೂಡದೆಂದು ಕಟ್ಟಳೆಯನ್ನೂ ಮಾಡಿದ.

ಸಾವಿರ ವರ್ಷಗಳಾಚೆಯ ನಾಯಿಯನ್ನು ನಾವು ಹೆಸರಿಟ್ಟು ಕರೆಯಬಲ್ಲೆವು. ಇನ್ನೂರು ವರ್ಷಗಳಾಚೆಯ ಮನುಷ್ಯನನ್ನು ಕರೆಯಲಾರೆವು. ಮೊದಮೊದಲು ಇದು ಅನ್ಯಾಯವೆಂದಷ್ಟೇ ತೋರುತ್ತಿತ್ತು. ಈಗ ಆ ಕಟ್ಟಳೆಯ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಕಲ್ಲು ತಾನಾಗಿ ಏನನ್ನೂ ನೆನೆಯದು, ಹಸಿದ ಮನುಷ್ಯನೊಬ್ಬ ದಿನವೂ ನೆನೆಯಬೇಕು ಎಂಬುದು ಮಣಲೇರನಿಗೆ ತಿಳಿದಿತ್ತು. ಆದ್ದರಿಂದಲೇ ನೆನಪನ್ನು ಊಟಕ್ಕೆ ಗಂಟುಹಾಕಿದ. ಆ ಗಂಟೂ ಬಿಚ್ಚಿಹೋಯಿತು. ಇಂದು ಅಲ್ಲಿ ಗೊರವನಿಲ್ಲ. ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿದೆ. ಉಳಿದದ್ದೂ ಪೂರ್ತಿ ಉಳಿಯಲಿಲ್ಲ. ಎಲ್ಲವೂ ಅಳಿಯುವುದಾದರೆ ಕಾಯುವುದೇಕೆ ಎಂದು ಕೇಳಬಹುದು. ಕಾಯುವುದು ಶಾಶ್ವತಕ್ಕಾಗಿ ಎಂದುಕೊಂಡರೆ ಈ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಉಣ್ಣುವ ಮುನ್ನ ಒಂದು ಗಳಿಗೆ ಕಲ್ಲಿನೆದುರು ನಿಂತವನಿಗೆ ಆ ಗಳಿಗೆಯೇ ಸಾಕಾಗಿತ್ತೋ ಏನೋ. ಇಲ್ಲದವರ ಋಣವನ್ನು ಇರುವವರು ಅಂದಂದಿಗೆ ಸಲ್ಲಿಸುತ್ತಾರೆ. ಅದು ಎಂದಿಗೂ ಪೂರ್ತಿ ತೀರುವುದಿಲ್ಲ.

ಪದಕವನ್ನು ಮರಳಿ ಕೊಡುವ ಮುನ್ನ ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನ ಬಳಿ ಗೆರೆಗಳು ಇನ್ನೂ ಚೂಪಾಗಿದ್ದವು. ನಡುವೆ, ಹೆಬ್ಬೆರಳು ಸಹಜವಾಗಿ ಕೂರುವ ಜಾಗದಲ್ಲಿ, ಲೋಹ ನುಣ್ಣಗಾಗಿತ್ತು. ಸಿಂಹದ ಮುಖ ಯಾವುದು, ಹುಲಿಯ ಮುಖ ಯಾವುದು ಎಂದು ಅಲ್ಲಿ ಗುರುತು ಸಿಗುತ್ತಿರಲಿಲ್ಲ. ಯಾರೋ ಅದನ್ನು ವರ್ಷಗಟ್ಟಲೆ ಸವರಿರಬೇಕು. ದಾರದಲ್ಲಿ ಕಟ್ಟಿಕೊಂಡ ಸಿಪಾಯಿಯೋ, ಅವನು ಹೋದ ಮೇಲೆ ಅವನ ಹೆಂಡತಿಯೋ, ಏನೆಂದು ತಿಳಿಯದೆ ಆಡಿದ ಮಗುವೋ. ಗೆಲುವಿನ ಚಿತ್ರವನ್ನು ಟಂಕಸಾಲೆ ಒತ್ತಿತು. ಅದನ್ನು ಒಂದು ಬೆರಳು ಮೆಲ್ಲಗೆ ಅಳಿಸಿತು. ಆ ಸೈನಿಕನ ಬದುಕಿನಿಂದ ನನ್ನವರೆಗೆ ಬಂದ ಬರಹ ಆ ಸವೆತವೊಂದೇ. ನನ್ನ ಹೆಬ್ಬೆರಳೂ ಅದೇ ಗುಳಿಯಲ್ಲಿ ಕೂತಿತ್ತು.